ಅಣ್ಣನ ಕೆಂಪು ಎಣ್ಣೆ

ನನ್ನ ಅಣ್ಣ ಈ ಅರುವತ್ತು ವರ್ಷಗಳಲ್ಲಿ ಯಾರಿಗೂ ಜ್ವರ ಬಂದಿದೆಯೇ ಎಂದು ಮುಟ್ಟಿ ನೋಡಿದವನಲ್ಲ. ಒಂದು ಗೇರ್‌ಬಾಕ್ಸನ್ನು ಬಿಟ್ಟು! ಗೇರ್‌ಬಾಕ್ಸಿಗೆ ಜ್ವರ ಎಲ್ಲಿ ಬರುತ್ತದೆ ಎಂದು ದಯವಿಟ್ಟು ಅವನನ್ನು ಕೇಳಬೇಡಿ. ಕೇಳಿದರೆ ತೋರಿಸುತ್ತಾನೆ, ತೋರಿಸಲಿಕ್ಕೆ ನಿಮ್ಮನ್ನು ಟ್ರಕ್ಕಿನ ಅಡಿಯಲ್ಲಿ ಅಂಗಾತ ಮಲಗಿಸುತ್ತಾನೆ. ನನ್ನನ್ನು ಒಮ್ಮೆ ಮಲಗಿಸಿದ್ದಾನೆ. ಅದೂ ಮುಂಬಯಿಯ ವಡಾಲದ ರಸ್ತೆ ಬದಿಯಲ್ಲಿ, ಸತ್ಯನಾರಾಯಣ ಪೂಜೆಗೆಂದು ಹೊರಟಿದ್ದ ರೇಷ್ಮೆ ಸೀರೆಯಲ್ಲಿ! ಪೂಜೆಯ ಮನೆಯಲ್ಲಿ ನಾನು ಎರಡು ಗಂಟೆ ಗೋಡೆಗೆ ಬೆನ್ನು ಅಂಟಿಸಿಕೊಂಡೇ ಕುಳಿತಿದ್ದೆ.

ನಾವು ಉಡುಪಿ ಕಡೆಯವರು. ನಮ್ಮ ಕಡೆಯ ಗಂಡಸು ಮುಂಬಯಿಗೆ ಬಂದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆಯೋ ಒಲೆಯ ಮುಂದೆಯೋ ನಿಲ್ಲಬೇಕು ಎಂಬುದು ಬ್ರಹ್ಮಲಿಖಿತ. ಅಣ್ಣನಿಗೆ ಮಾತ್ರ ದೋಸೆಯ ಪರಿಮಳಕ್ಕಿಂತ ಡೀಸೆಲಿನ ಪರಿಮಳವೇ ಹಿಡಿಸಿತು. ಇಪ್ಪತ್ತನೇ ವರ್ಷಕ್ಕೆ ಸ್ಟೇರಿಂಗ್ ಹಿಡಿದವನು ಇನ್ನೂ ಬಿಟ್ಟಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದರೆ, "ಕ್ಲಚ್ ಒತ್ತಿಯೇ ಪುರುಸೊತ್ತಾಗ್ಲಿಲ್ಲ ಮಾರಾಯ್ತಿ" ಎನ್ನುತ್ತಾನೆ. ಅದು ಸುಳ್ಳೂ ಅಲ್ಲ. ಮುಂಬಯಿಯ ಟ್ರಾಫಿಕ್ಕಿನಲ್ಲಿ ಸುಮಾರು ನಲವತ್ತು ವರ್ಷ ಕ್ಲಚ್ ಒತ್ತಿ ಒತ್ತಿ ಅವನ ಎಡಗಾಲಿನ ಮಂಡಿ ಸವೆದುಹೋಯಿತು. ಡಾಕ್ಟರು ಡ್ರೈವಿಂಗ್ ಬಿಡಿ ಎಂದರು. ಅಣ್ಣ ಡ್ರೈವಿಂಗ್ ಬಿಡಲಿಲ್ಲ, ಕ್ಲಚ್ಚನ್ನೇ ಬಿಟ್ಟ!

ಅಂದರೆ ಕ್ಲಚ್ಚೇ ಇಲ್ಲದ ಒಂದು ಟ್ರಕ್ಕನ್ನು ಎಲ್ಲಿಂದಲೋ ಹುಡುಕಿ ತಂದ. ಯಾವುದೋ ಕಂಪನಿ ಹೊರದೇಶದಿಂದ ತರಿಸಿ, ರಿಪೇರಿ ಮಾಡುವವರು ಸಿಕ್ಕದೆ ಹರಾಜಿಗೆ ಇಟ್ಟ ಆಟೋಮ್ಯಾಟಿಕ್ ಟ್ರಕ್ಕು. ವಡಾಲದ ಡ್ರೈವರುಗಳೆಲ್ಲ ಬಂದು ನೋಡಿ, ಎರಡೇ ಪೆಡಲುಗಳನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಇದರ ಆಟೋಮ್ಯಾಟಿಕ್ ತೆಗೆದುಹಾಕಿ ಸಾದಾ ಗೇರ್‌ಬಾಕ್ಸ್ ಕೂರಿಸು ಎಂದು ಬುದ್ಧಿ ಹೇಳಿದರಂತೆ. ಅಣ್ಣ ಕೇಳಿದನೇ? ಕೇಳುವವನಾಗಿದ್ದರೆ ನಾನು ಇಷ್ಟೆಲ್ಲ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಕ್ಲಚ್ಚಿಲ್ಲದೆ ಟ್ರಕ್ಕು ಓಡುವುದು ಹೇಗೆ ಎಂಬ ಪ್ರಶ್ನೆ ನಿಮಗೆ ಬಂದಿರಬಹುದು. ನಮ್ಮವರ ಆಫೀಸಿನ ಸಾಹೇಬರಿಗೂ ಬಂತು. ಹೆಂಡತಿಯೊಂದಿಗೆ ಚಹಾಕ್ಕೆ ಬಂದಿದ್ದ ಆ ಮನುಷ್ಯ ಬರೀ ಮರ್ಯಾದೆಗೆ ಕೇಳಿದ್ದು. ಅಣ್ಣ ಎದ್ದವನೇ ನಮ್ಮ ಎರಡು ಟೇಬಲ್ ಫ್ಯಾನುಗಳನ್ನು ತಂದು ಟೀಪಾಯಿಯ ಮೇಲೆ ಎದುರುಬದುರು ಇಟ್ಟ. ಒಂದಕ್ಕೆ ಮಾತ್ರ ಕರೆಂಟ್ ಕೊಟ್ಟ. ಅದರ ಗಾಳಿಗೆ ಇನ್ನೊಂದು ಮೆಲ್ಲಗೆ ತಿರುಗತೊಡಗಿತು.

"ದೇಖೋ ಸಾಬ್! ಬಿನಾ ಕನೆಕ್ಷನ್!" ಎಂದು ಅಣ್ಣ ಕುಣಿದ. "ಯೇ ಇಂಜಿನ್, ವೋ ಗೇರ್‌ಬಾಕ್ಸ್. ಇದರ್ ಹವಾ ಹೈ, ಗಾಡೀ ಮೇ ತೇಲ್ ಹೈ. ಇಸೀ ಕೋ ಬೋಲ್ತೇ ಟಾರ್ಕ್ ಕನ್ವರ್ಟರ್!"

ಅಂದರೆ, ಒಂದು ಮುಚ್ಚಿದ ಡಬ್ಬದೊಳಗೆ ಎರಡು ಫ್ಯಾನು, ಗಾಳಿಯ ಬದಲು ಎಣ್ಣೆ. ಇಂಜಿನ್ನಿನ ಫ್ಯಾನು ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆ ಇನ್ನೊಂದು ಫ್ಯಾನನ್ನು ತಿರುಗಿಸುತ್ತದೆ, ಟ್ರಕ್ಕು ಮುಂದೆ ಹೋಗುತ್ತದೆ. ಇದು ಇಷ್ಟು ಸುಲಭವಾಗಿ ನನಗೆ ಅರ್ಥವಾದದ್ದೇ ಅವತ್ತು. ಆದರೆ ಸಾಹೇಬರಿಗೆ ಅರ್ಥವಾಗಲಿಲ್ಲ, ಏಕೆಂದರೆ ಅಣ್ಣ ಅಷ್ಟರಲ್ಲಿ ಫ್ಯಾನನ್ನು ಮೂರಕ್ಕೆ ಇಟ್ಟಿದ್ದ, ತಟ್ಟೆಯಲ್ಲಿದ್ದ ಅವಲಕ್ಕಿ ಚೂಡಾ ಪೂರ್ತಿ ಹಾರಿ ಸಾಹೇಬರ ಹೆಂಡತಿಯ ಮಡಿಲು ಸೇರಿತ್ತು. ಆ ವರ್ಷ ನಮ್ಮವರಿಗೆ ಪ್ರಮೋಶನ್ ಬರಲಿಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂದು ನಮ್ಮವರು ಹೇಳುತ್ತಾರೆ, ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಈ ಏರ್ಪಾಟಿಗೆ ಒಂದೇ ಒಂದು ಶತ್ರು, ಬಿಸಿ. ಗಾಡಿ ಓಡುತ್ತಿದ್ದರೆ ಚಿಂತೆಯಿಲ್ಲ. ಸಿಗ್ನಲ್ಲಿನಲ್ಲಿ ನಿಂತು, ಹತ್ತು ಅಡಿ ಜರುಗಿ, ಮತ್ತೆ ನಿಂತರೆ ಆ ಎಣ್ಣೆ ಒಳಗೇ ಕಡೆದು ಕಡೆದು ಕುದಿಯುತ್ತದೆ. ಈಗ ಹೇಳಿ, ಮುಂಬಯಿಯಲ್ಲಿ ಗಾಡಿ ಓಡುವುದುಂಟೇ? ಅಣ್ಣ ಕಾಂದಿವಲಿಯ ಫ್ಯಾಕ್ಟರಿಗಳಿಂದ ಕಬ್ಬಿಣದ ಸಾಮಾನು ತುಂಬಿಕೊಂಡು ಬಂದರಿಗೆ ಬರುವವನು. ಅಷ್ಟು ದೂರವೂ ನಿಂತು ನಿಂತೇ ಬರಬೇಕು. ಹಾಗಾಗಿ ಟ್ರಕ್ಕಿನ ಮೂತಿಗೆ ಎಣ್ಣೆ ತಣಿಸುವ ಒಂದು ಕೂಲರ್ ಕೂರಿಸಿದ, ಅದಕ್ಕೊಂದು ಸ್ವಂತ ಫ್ಯಾನು ಕೊಟ್ಟ, ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಬಿಸಿ ತೋರಿಸುವ ಮೀಟರ್ ಇಟ್ಟ. ಕೂಲರಿನ ಸಂದಿಗಳಲ್ಲಿ ಧೂಳು ಕೂತರೆ ಗಾಳಿ ಹೋಗುವುದಿಲ್ಲವಲ್ಲ, ಅದನ್ನು ಭಾನುವಾರ ಭಾನುವಾರ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಾನೆ. ಬ್ರಶ್ಶು ಎಲ್ಲಿಂದ? ಸಯನ್ನಿನ ನಮ್ಮ ಬಿಲ್ಡಿಂಗಿನ ಪ್ರತಿಯೊಂದು ಫ್ಲ್ಯಾಟಿನ ಬೆಲ್ ಒತ್ತಿ, "ಪುರಾನಾ ಬ್ರಶ್ ಹೈ ಕ್ಯಾ?" ಎಂದು ಕೇಳಿ ಒಟ್ಟುಮಾಡುತ್ತಾನೆ. ಲಿಫ್ಟಿನಲ್ಲಿ ನನ್ನನ್ನು ಕಂಡವರು ಈಗಲೂ "ಬ್ರಶ್‌ವಾಲೇ ಕೀ ಬೆಹೆನ್", ಬ್ರಶ್ಶಿನವನ ತಂಗಿ, ಎಂದು ಗುಸುಗುಸು ಮಾಡುತ್ತಾರೆ. ಭೂಮಿ ಬಾಯಿಬಿಡಬಾರದೇ ಎನಿಸುತ್ತದೆ, ಆದರೆ ನಾಲ್ಕನೆಯ ಮಾಳಿಗೆಯಲ್ಲಿ ಭೂಮಿ ಎಲ್ಲಿಂದ ಬರಬೇಕು?

ಭಾನುವಾರ ಅವನ ಊಟ ನಮ್ಮಲ್ಲೇ. ಒಮ್ಮೆ ಗಂಜಿಯ ಮುಂದೆ ಕೂತು ನಿಟ್ಟುಸಿರುಬಿಟ್ಟು, "ನಿನ್ನೆ ನೂರ ನಾಲ್ಕಕ್ಕೆ ಹೋಯ್ತು" ಎಂದ. ನಮ್ಮ ಅತ್ತೆ ಗಾಬರಿಯಾದರು. "ಅಯ್ಯೋ, ನೂರ ನಾಲ್ಕಾ! ಎಂತದಾದ್ರೂ ತಗೊಂಡ್ಯಾ?"

"ಎಂತ ಇಲ್ಲ, ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿಟ್ಟೆ. ಅರ್ಧ ಗಂಟೆಯಲ್ಲಿ ತೊಂಬತ್ತಕ್ಕೆ ಇಳೀತು."

ಅತ್ತೆ ಏನು ಕೇಳಿಸಿಕೊಂಡರೋ, ಕಾಳುಮೆಣಸಿನ ಕಷಾಯ ಮಾಡಿ ಒಂದು ಚೊಂಬು ಕುಡಿಸಿದರು. ಅಣ್ಣ ಚಕಾರವೆತ್ತದೆ ಕುಡಿದ. ಆಮೇಲೆ ನನ್ನ ಕಿವಿಯಲ್ಲಿ, "ಪಾಪ, ಗೇರ್‌ಬಾಕ್ಸಿಗೆ ಅಂತ ಹೇಳಿದ್ರೆ ಅವರಿಗೆ ಬೇಜಾರಾಗ್ತಿತ್ತು" ಎಂದ. ಅವನು ಹಾಗೆಯೇ. ಇನ್ನೊಬ್ಬರ ಮಾತು ಸುಳ್ಳಾಗಬಾರದೆಂದು ಕಷಾಯ ಕುಡಿಯುವ ಜಾತಿ.

ಇನ್ನು ಎಣ್ಣೆಯ ವಿಷಯ. ಈ ಗೇರ್‌ಬಾಕ್ಸಿನ ಎಣ್ಣೆ ಕೆಂಪು ಬಣ್ಣದ್ದು, ನೋಡಲಿಕ್ಕೆ ಥೇಟ್ ಕೋಕಂ ಶರಬತ್ತು. ಕೆಂಪಗಿದ್ದರೆ ಆರೋಗ್ಯ, ಕಂದು ಬಣ್ಣವಾದರೆ ಕಾಯಿಲೆ, ಸುಟ್ಟ ವಾಸನೆ ಬಂದರೆ ಕಥೆ ಮುಗಿಯಿತು. ಅದಕ್ಕೆ ಅಣ್ಣ ಬೆಳಿಗ್ಗೆ ಎದ್ದ ಕೂಡಲೇ ಕಡ್ಡಿ ಅದ್ದಿ ಎಣ್ಣೆ ನೋಡುತ್ತಾನೆ, ಮೂಸುತ್ತಾನೆ, ಆಮೇಲೆಯೇ ಚಹಾ. ಹೊಸ ಎಣ್ಣೆಯ ಬಣ್ಣ ಹೋಲಿಸಿ ನೋಡಲೆಂದು ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಬಾಟಲಿ ಬೇರೆ. ಬಸ್ಸಿನಲ್ಲಿ ಪಕ್ಕದವನಿಗೂ ತೋರಿಸಿಯಾನು!

ಇಷ್ಟಾದರೂ ಬಿಸಿ ಪೂರ್ತಿ ಇಳಿಯಲಿಲ್ಲ. ಭಾರ ಹೇರಿ ಫ್ಲೈಓವರ್ ಹತ್ತಿಸುವಾಗ ಇಂಜಿನ್ನು ಬೊಬ್ಬೆ ಹಾಕುತ್ತದೆ, ಟ್ರಕ್ಕು ಮಾತ್ರ ಆಮೆ. ಕನ್ವರ್ಟರೇ ದುರ್ಬಲ, ಒಳಗಿನ ಫ್ಯಾನು ಜಾರುತ್ತಿದೆ, ಜಾರಿದ್ದೆಲ್ಲ ಬಿಸಿಯಾಗುತ್ತಿದೆ ಎಂದು ಅಣ್ಣ ತೀರ್ಮಾನಿಸಿದ. ಅವನಿಗೆ ಬೇಕಾಗಿದ್ದದ್ದು ಇನ್ನೂ ಬಲವಾದ, ಒಳಗೆ ಬೀಗವಿರುವ ಕನ್ವರ್ಟರು. ಗಾಡಿ ವೇಗ ಹಿಡಿದ ಮೇಲೆ ಆ ಬೀಗ ಬಿದ್ದು ಎರಡು ಫ್ಯಾನೂ ಒಂದಾಗಿ ತಿರುಗುತ್ತವಂತೆ, ಜಾರುವ ಮಾತೇ ಇಲ್ಲವಂತೆ. ಎಂಟು ತಿಂಗಳು ಗುಜರಿ ಬಜಾರುಗಳನ್ನೆಲ್ಲ ಜಾಲಾಡಿದ. ನನ್ನ ಮಗಳಿಗೆ ಸಂಬಂಧ ಕೂಡಿ ಬಂದು ನನಗೆ ಬೀಗರು ಸಿಕ್ಕಿದ ವಾರವೇ ಅಣ್ಣನಿಗೂ ಬೀಗ ಸಿಕ್ಕಿತು!

ಅದನ್ನು ಎಲ್ಲಿಡಬೇಕು? ಅವನ ವಡಾಲದ ಕೋಣೆಯಲ್ಲಿ ಮಳೆಗಾಲಕ್ಕೆ ಗೋಡೆಯೇ ಒದ್ದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಸರಿ, ಗ್ಯಾರೇಜಿನವರು ತಾರೀಕು ಕೊಡುವ ತನಕ ನಮ್ಮ ಹಾಲ್‌ಗೆ ಬಂತು. ದೊಡ್ಡ ಹಂಡೆಯಷ್ಟು ಇದ್ದ ಅದನ್ನು ವಾಚ್‌ಮನ್ನೂ ಅಣ್ಣನೂ ಸೇರಿ ಹೊತ್ತು ತಂದು ದಿವಾನಿನ ಪಕ್ಕ ಕೂರಿಸಿ, ನನ್ನ ಹೊಸ ಬೆಡ್‌ಶೀಟ್ ಹೊದಿಸಿದರು. ಬೀಗರು ಮೈಸೂರಿನಿಂದ ಮನೆ ನೋಡಲು ಬರುವುದು ಮರುದಿನವೇ ಇತ್ತು.

ಬಂದರು. ಬೀಗ್ತಿಯ ಕಾಲು ಅದಕ್ಕೆ ಎಡವಿತು. "ಇದೇನಿದು?" ಎಂದರು.

"ರುಬ್ಬುವ ಕಲ್ಲು" ಎಂದೆ.

"ಇಷ್ಟು ದೊಡ್ಡದಾ!"

"ನಮ್ಮಲ್ಲಿ ನೆಂಟರು ಜಾಸ್ತಿ."

ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ ಅಣ್ಣನ ಬಗ್ಗೆ ನಾನು ಮೊದಲೇ ಅವರಿಗೆ, "ಟ್ರಾನ್ಸ್‌ಪೋರ್ಟ್ ಬಿಸಿನೆಸ್, ಗಾಡಿಗಳಿವೆ" ಎಂದು ಹೇಳಿದ್ದೆ. ಒಂದು ಟ್ರಕ್ಕಿಗೆ ಬಹುವಚನ ಹಚ್ಚಿದರೆ ಯಾರ ಗಂಟು ಹೋಗುತ್ತದೆ? ಡ್ರೈವರ್ ಎಂಬ ಶಬ್ದ ಮಾತ್ರ ನನ್ನ ಬಾಯಿಂದ ಬಂದಿರಲಿಲ್ಲ. ಹಿಂದಿನ ದಿನ ಅಣ್ಣನಿಗೂ, "ನಾಳೆ ಬೇಡ, ಸೋಮವಾರ ಬಾ" ಎಂದಿದ್ದೆ.

ಬೀಗರು ಮಗಳನ್ನು ಕೇಳಿದರು, "ನಿಮ್ಮ ಸೋದರಮಾವ ಬರ್ಲಿಲ್ವಾಮ್ಮ?"

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನನ್ನ ಮಗಳ ಕನ್ನಡ ಲೋಕಲ್ ಟ್ರೈನಿನ ಹಾಗೆ, ನಿಂತು ನಿಂತು ಹೋಗುತ್ತದೆ. ಪಾಪ, ಮಾಮನೆಂದರೆ ಅವಳಿಗೆ ಜೀವ. "ಮಾಮ ನಾ, ಅವರು ಸುಬಹ್ ಎದ್ದು ಫಸ್ಟ್ ಎಣ್ಣೆ. ಎಣ್ಣೆ ಇಲ್ದೆ ಚಾಯ್ ಭೀ ಇಲ್ಲ! ಪಾಕೆಟ್‌ನಲ್ಲಿ ಛೋಟಾ ಬಾಟಲ್ ಇದೆ, ರೆಡ್ ಕಲರ್. ಬಹುತ್ ಸ್ವೀಟ್ ಹೈ ಮಾಮ!" ಎಂದಳು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ನನಗೂ ಕೇಳಿಸಿತು. ಸದ್ಯ, ಟ್ರಕ್ಕು ಎನ್ನಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿದೆ.

ಎಂಟು ದಿನಕ್ಕೆ ಬೀಗ್ತಿಯ ಫೋನ್ ಬಂತು. "ನೋಡಿ, ಏನೂ ಅಂದ್ಕೋಬೇಡಿ. ನಿಮ್ಮಣ್ಣ ಎಣ್ಣೆ ಹಾಕ್ತಾರಂತೆ?"

ಯಾರೋ ಟ್ರಕ್ಕಿನ ವಿಷಯ ಊದಿದ್ದಾರೆ ಎಂದುಕೊಂಡೆ. ಆದರೆ ಮಾಲೀಕ ತನ್ನ ಗಾಡಿಗೆ ತಾನೇ ಎಣ್ಣೆ ಹಾಕಿದರೆ ತಪ್ಪೇನು? ಧೈರ್ಯ ತಂದುಕೊಂಡು ಹೇಳಿದೆ, "ಹೌದೌದು, ಅವನೇ ಹಾಕುವುದು. ಬೇರೆಯವರನ್ನು ಮುಟ್ಟಲಿಕ್ಕೆ ಬಿಡುವುದಿಲ್ಲ."

"ಎಷ್ಟು ಹಾಕ್ತಾರೆ?"

"ಒಂದು ಸಲಕ್ಕೆ ಇಪ್ಪತ್ತು ಲೀಟರ್ ಹಿಡಿಯುತ್ತದೆ."

"ಇಪ್ಪತ್ತು... ಲೀಟರಾ?"

"ಅಯ್ಯೋ, ದಿನಾ ಅಲ್ಲ! ವರ್ಷಕ್ಕೊಂದು ಸಲ. ದಿನಾ ಬರೀ ಮೂಸಿ ನೋಡುವುದು."

"ಇಷ್ಟೊಂದು ಚಟ ಇದೆ ಅಂತೀರಿ, ಬಿಡಿಸೋಕೆ ಯಾವ ಡಾಕ್ಟರಿಗೂ ತೋರಿಸ್ಲಿಲ್ವಾ?"

ಆಗ ನನ್ನ ತಲೆಗೆ ಹೋಯಿತು! ನಮ್ಮ ಕಡೆ ಎಣ್ಣೆಯೆಂದರೆ ತೆಂಗಿನೆಣ್ಣೆ, ಹೆಚ್ಚೆಂದರೆ ಎಳ್ಳೆಣ್ಣೆ. ಮೈಸೂರು ಬೆಂಗಳೂರಿನ ಕಡೆ ಎಣ್ಣೆ ಹಾಕುವುದೆಂದರೆ ಕುಡಿಯುವುದು! ಜನ್ಮದಲ್ಲಿ ಒಂದು ತೊಟ್ಟು ಬಿಯರನ್ನೂ ಮುಟ್ಟದ ನನ್ನ ಅಣ್ಣ ಅವರ ಲೆಕ್ಕದಲ್ಲಿ ಜೇಬಿನಲ್ಲಿ ಬಾಟಲಿ ಇಟ್ಟುಕೊಂಡು ಓಡಾಡುವ ಮಹಾ ಕುಡುಕ!

ನಗಬೇಕಾಗಿದ್ದದ್ದು ಆಗಲೇ. "ಅದು ಟ್ರಕ್ಕಿನ ಗೇರ್‌ಬಾಕ್ಸಿನ ಎಣ್ಣೆ, ನನ್ನ ಅಣ್ಣ ಡ್ರೈವರು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿಯ ತನಕ ಬಂತು, ನುಂಗಿಕೊಂಡೆ. ಕುಡಿಯುವ ಬಿಸಿನೆಸ್‌ಮನ್ ಆದರೂ ಆದೀತು, ಕುಡಿಯದ ಡ್ರೈವರ್ ಬೇಡ! ಇದು ನನ್ನ ತಲೆಯಲ್ಲಿ ಓಡಿದ ಲೆಕ್ಕ. ನೀವು ಏನಾದರೂ ಅಂದುಕೊಳ್ಳಿ, ನನ್ನನ್ನು ನಾನೇ ಅದಕ್ಕಿಂತ ಹೆಚ್ಚು ಬೈದುಕೊಂಡಿದ್ದೇನೆ.

"ಈಗ ಬಿಟ್ಟಿದ್ದಾನೆ" ಎಂದೆ.

"ಒಳ್ಳೇದಾಯ್ತು. ಆದ್ರೂ ಸೋದರಮಾವನ ಶಾಸ್ತ್ರಕ್ಕೆ ಬೇರೆ ಯಾರಾದ್ರೂ ನಿಂತ್ಕೊಂಡ್ರೆ... ಮಂಟಪದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಷ್ಟ ನೋಡಿ."

ಹುಡುಗಿಯನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಮಗಳು ಹುಟ್ಟಿದ ದಿನದಿಂದ ಅಣ್ಣ ಕಾಯುತ್ತಿದ್ದದ್ದು ಆ ಹತ್ತು ಹೆಜ್ಜೆಗೆ. "ಆಗಲಿ" ಎಂದು ನಾನು ಫೋನ್ ಇಟ್ಟೆ. ಕಾಂದಿವಲಿಯಲ್ಲಿ ದೊಡ್ಡ ಹೋಟೆಲು ಇಟ್ಟಿರುವ ನಮ್ಮ ದೊಡ್ಡಪ್ಪನ ಮಗನನ್ನು ಆ ಕೆಲಸಕ್ಕೆ ಗೊತ್ತುಮಾಡಿದೆ.

ಅಣ್ಣನಿಗೆ ಹೇಳಬೇಕಲ್ಲ. "ಭಟ್ರು ಹೇಳಿದ್ರು, ನಿನ್ನ ನಕ್ಷತ್ರ ಮುಹೂರ್ತಕ್ಕೆ ಕೂಡುದಿಲ್ಲವಂತೆ" ಎಂದೆ.

"ಹೌದಾ? ನಂದು ಯಾವ ನಕ್ಷತ್ರ?"

ನನಗೆ ಗೊತ್ತಿದ್ದರೆ ತಾನೇ! "ಅದೇ... ಕೂಡದ ನಕ್ಷತ್ರ."

"ಅಂಗಿ ಹೊಲಿಸಿ ಆಗಿತ್ತು ಮಾರಾಯ್ತಿ. ಇರ್ಲಿ, ಊಟಕ್ಕೆ ಹಾಕಿಕೊಳ್ತೇನೆ" ಎಂದ. ಆಮೇಲೆ, "ಕನ್ವರ್ಟರ್ ಕೂರಿಸಿ ಆಯ್ತು. ಮದುವೆ ಸಾಮಾನೆಲ್ಲ ನಂದೇ ಗಾಡಿಯಲ್ಲಿ ತರುದು, ಬೇರೆ ಯಾರಿಗೂ ಹೇಳ್ಬೇಡ" ಎಂದ.

ಮದುವೆಯ ದಿನ ಬೆಳಿಗ್ಗೆ ಛತ್ರದ ಬಾಗಿಲಲ್ಲಿ ಬಾಳೆಎಲೆ, ತೆಂಗಿನಕಾಯಿ, ಹೂವು ಇಳಿಸಿ ಅಣ್ಣ ನನ್ನನ್ನು ಹುಡುಕಿಕೊಂಡು ಬಂದ. ಮುಖವೆಲ್ಲ ನಗು. "ಎಂಬತ್ತಾರು! ಸಯನ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತೆ ಮಾರಾಯ್ತಿ, ಎಂಬತ್ತಾರರ ಮೇಲೆ ಹೋಗ್ಲೇ ಇಲ್ಲ! ಎಣ್ಣೆ ತಣ್ಣಗುಂಟು!" ಎರಡು ವರ್ಷ ಪಟ್ಟ ಪಾಡು ಫಲಕೊಟ್ಟ ಸುದ್ದಿಯನ್ನು ಅವನು ಮೊದಲು ಹೇಳಬೇಕೆಂದದ್ದು ನನಗೆ. ನಾನು ಸುತ್ತ ಯಾರಾದರೂ ಕೇಳಿಸಿಕೊಂಡರೋ ಎಂದು ನೋಡಿ, "ಮೆಲ್ಲಗೆ! ಹಿಂದಿನ ಬಾಗಿಲಿಂದ ಹೋಗು" ಎಂದೆ.

ಹೋಗುವಾಗ ಬೀಗರು ಎದುರಾದರು. ಒಳ್ಳೆಯ ಮನುಷ್ಯ, ತಾವಾಗಿಯೇ ಅಣ್ಣನ ಭುಜ ತಟ್ಟಿದರು. "ನಿಮ್ಮ ತಂಗಿ ಎಲ್ಲಾ ಹೇಳಿದ್ರು. ಎಣ್ಣೆ ಬಿಡೋದು ಸುಲಭ ಅಲ್ಲ ಸಾರ್. ನಮ್ಮ ಷಡ್ಡಕ ಒಬ್ಬರು ಕುಡಿದು ಕುಡಿದೇ ಹೋದ್ರು. ನೀವು ಬಿಟ್ರಲ್ಲ, ದೊಡ್ಡ ಮಾತು."

ಅಣ್ಣ ತೆಂಗಿನಕಾಯಿಯ ಗೋಣಿ ಹಿಡಿದುಕೊಂಡೇ ನನ್ನ ಕಡೆ ನೋಡಿದ. ಒಂದೇ ಗಳಿಗೆ. ಎರಡು ಕೈ ದೂರದಲ್ಲಿ ನಿಂತಿದ್ದ ನಾನು ತಲೆ ತಗ್ಗಿಸಿದೆ. ಅವನಿಗೆ ಎಲ್ಲವೂ ಅರ್ಥವಾಯಿತು.

"ಹೌದು ಸರ್" ಎಂದ ಅಣ್ಣ. "ತಂಗಿ ಹೇಳಿದ್ಳು, ಬಿಟ್ಟೆ."

ಬೀಗರು ಅತ್ತ ಹೋದದ್ದೇ ನಾನು ಅವನನ್ನು ಮೂಲೆಗೆ ಎಳೆದುಕೊಂಡು ಹೋದೆ. "ಯಾಕೆ ಹಾಗೆ ಹೇಳಿದ್ದು? ಕುಡಿಯುದಿಲ್ಲ ಅಂತ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಮದುವೆ ದಿನ ಹುಡುಗಿಯ ಅಮ್ಮ ಸುಳ್ಳು ಹೇಳಿದ್ಳು ಅಂತ ಆಗ್ಬಾರ್ದಲ್ಲ" ಎಂದ. ಗೋಣಿ ಕೆಳಗಿಟ್ಟ. "ಕುಡುಕ ಅಂದ್ರೆ ನಂಗೆ ಎಂತ ಆಗುದಿಲ್ಲ. ನಾನು ಕುಡಿಯುದಿಲ್ಲ ಅಂತ ನಂಗೆ ಗೊತ್ತುಂಟಲ್ಲ. ಡ್ರೈವರ್ ಅಂತ ಹೇಳ್ಲಿಕ್ಕೆ ನಿಂಗೆ ನಾಚಿಕೆ ಆಯ್ತಲ್ಲ, ಅದು ಮಾತ್ರ..." ಅಷ್ಟಕ್ಕೇ ನಿಲ್ಲಿಸಿದ. "ಹೋಗು ಹೋಗು, ಭಟ್ರು ಕರೀತಿದ್ದಾರೆ."

ಭಟ್ಟರು ಮೈಕಿನಲ್ಲಿ ಕೂಗುತ್ತಿದ್ದರು, "ಸೋದರಮಾವ ಎಲ್ಲಿ? ಹುಡುಗಿಯನ್ನು ಕರ್ಕೊಂಡು ಬರ್ಲಿ, ಮುಹೂರ್ತ ಹತ್ತಿರ ಬಂತು!" ಕಾಂದಿವಲಿಯ ದೊಡ್ಡಪ್ಪನ ಮಗ ಜರಿಶಾಲು ಸರಿಪಡಿಸಿಕೊಂಡು ಎದ್ದ.

ನನಗೆ ಏನಾಯಿತೋ ಗೊತ್ತಿಲ್ಲ. ಅಣ್ಣನ ತೋಳು ಹಿಡಿದು ದರದರ ಎಳೆದುಕೊಂಡು ಮಂಟಪದ ಹತ್ತಿರ ಹೋದೆ. "ಸೋದರಮಾವ ಇಲ್ಲಿದ್ದಾನೆ" ಎಂದೆ. ಮೈಕು ನನ್ನ ಬಾಯಿಯ ಪಕ್ಕದಲ್ಲೇ ಇತ್ತು, ಅಡುಗೆಯವರ ತನಕ ಕೇಳಿಸಿತು. "ಇವನು ನನ್ನ ಅಣ್ಣ. ಟ್ರಕ್ ಡ್ರೈವರ್. ಇರುವುದು ಒಂದೇ ಟ್ರಕ್ಕು. ಇವನು ಕುಡಿಯುವುದಿಲ್ಲ, ಯಾವತ್ತೂ ಕುಡಿದಿಲ್ಲ. ನಾನೇ ಸುಳ್ಳು ಹೇಳಿದ್ದು. ಅದು ಗೇರ್‌ಬಾಕ್ಸಿನ ಎಣ್ಣೆ!"

ಬೀಗ್ತಿ ಮೆಲ್ಲನೆ ಕೇಳಿದರು, "ಹಾಗಾದ್ರೆ ಆ ಇಪ್ಪತ್ತು ಲೀಟರ್?"

"ಅದೂ ಗೇರ್‌ಬಾಕ್ಸಿಗೇ!"

ಮಂಟಪದಲ್ಲಿದ್ದ ಅಳಿಯ ಬಾಸಿಂಗದ ಅಡಿಯಿಂದ ಇಣುಕಿದ. "ಅಮ್ಮ, ಮಾಮ ಎಲ್ಲಿ ಕುಡೀತಾರೆ? ಅವಳನ್ನ ನೋಡೋಕೆ ಬಂದಾಗ ನಾನು ಎರಡು ಸಲ ಆ ಟ್ರಕ್ಕಲ್ಲೇ ಕೂತ್ಕೊಂಡ್ ಬಂದಿದೀನಿ!" ಎಂದ. ಅಂದರೆ ಇಷ್ಟು ದಿನ ನಾನು ಬೆಡ್‌ಶೀಟ್ ಹೊದಿಸಿ ಬಚ್ಚಿಟ್ಟದ್ದೆಲ್ಲ ಅವನಿಗೆ ಮೊದಲೇ ಗೊತ್ತಿತ್ತು! ಬೀಗರು ಬಂದು ಅಣ್ಣನಿಗೆ ಕೈಮುಗಿದು, "ತಪ್ಪಾಯ್ತು ಸಾರ್" ಎಂದರು. ನಾನು ಹೇಳಬೇಕಾಗಿದ್ದ ಮಾತನ್ನು ಅವರು ಹೇಳಿದರು.

ಅಣ್ಣ ಹಿಂದೆ ಸರಿಯುತ್ತಿದ್ದ. ಬೆವರಿದ ಹಳೆಯ ಅಂಗಿ, ಬಟ್ಟೆ ಬದಲಿಸಿ ಬರುತ್ತೇನೆ ಎಂದು ಏನೇನೋ ಗೊಣಗುತ್ತಿದ್ದ. ಅಷ್ಟರಲ್ಲಿ ಮಗಳು ಕೋಣೆಯಿಂದ ತಾನೇ ಹೊರಗೆ ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ತನ್ನ ಹರಕುಮುರುಕು ಕನ್ನಡ. ಎಲ್ಲರ ಮುಂದೆ ನಿಂತು ಗಟ್ಟಿಯಾಗಿ ಹೇಳಿದಳು, "ಮಾಮ, ನಂಗೆ ಕೈ ಕೊಡು!"

ಛತ್ರಕ್ಕೆ ಛತ್ರವೇ ಗೊಳ್ಳೆಂದು ನಕ್ಕಿತು. ನಂಬಿಸಿ ಮೋಸ ಮಾಡುವುದಕ್ಕೆ ನಮ್ಮಲ್ಲಿ ಕೈ ಕೊಡುವುದು ಎನ್ನುತ್ತಾರೆ ಎಂದು ಆ ಹುಡುಗಿಗೆ ಯಾರು ಹೇಳಿಕೊಟ್ಟಿದ್ದರು? ಭಟ್ಟರೂ ನಕ್ಕರು, ಬೀಗ್ತಿಯೂ ನಕ್ಕರು. ನನಗೆ ನಗು ಬರಲಿಲ್ಲ. ಆ ಸಭೆಯಲ್ಲಿ ಅಣ್ಣನಿಗೆ ಕೈ ಕೊಟ್ಟವಳು ನಾನೊಬ್ಬಳೇ.

ಅಣ್ಣನೂ ನಗುತ್ತಿದ್ದ. "ಅದೊಂದು ನಂಗೆ ಬರುದಿಲ್ಲ ಮಗಾ" ಎಂದು ಅವಳ ಕೈ ಹಿಡಿದುಕೊಂಡ.